ಅಪ್ಪನ ಓಟು

ಕಣ್ಣು ಕಾಣದವರನ್ನು ಮತ ಹಾಕಿಸಲು ಕರೆದುಕೊಂಡು ಹೋದರೆ, ಜೊತೆಗೆ ಹೋದವರಿಂದ ಬೂತಿನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಇವರ ಪರವಾಗಿ ಹಾಕಿದ ಮತದ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಕೊರೋನಾದ ವರ್ಷದ ಪಂಚಾಯತ್ ಚುನಾವಣೆಯಲ್ಲಿ ಅಪ್ಪನ ಕೈ ಹಿಡಿದು ಹೋದವಳು ನಾನು, ಸಹಿ ಹಾಕಿದವಳೂ ನಾನೇ. ಎಷ್ಟೋ ಕಡೆ ಮಾತು ಕೊಟ್ಟು ತಪ್ಪಿದ್ದೇನೆ. ಇದೊಂದನ್ನು ಮಾತ್ರ ಚಾಚೂ ತಪ್ಪದೆ ನಡೆಸಿದೆ. ಅಪ್ಪನಿಗೇ ಹೇಳಲಿಲ್ಲ. ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ ಈಗ ಬರೆಯಲು ಕೂತಿದ್ದೇನೆ.

ನಮ್ಮ ಊರು ಶಿರ್ತಾಡಿ ದಾಟಿ ಇನ್ನೂ ಮುಂದೆ. ತಾಲೂಕು ಬೆಳ್ತಂಗಡಿ, ಪೇಟೆ ಮೂಡುಬಿದಿರೆ. ಸರಕಾರದ ಸಹಿ ಬೇಕಿದ್ದರೆ ಆ ಕಡೆಯ ಬಸ್ಸು, ಸೀರೆ ಬೇಕಿದ್ದರೆ ಈ ಕಡೆಯ ಬಸ್ಸು. ನಾನು ದಿನಾ ಈ ಕಡೆಯ ಬಸ್ಸು ಹತ್ತುವವಳು. ಮೂಡುಬಿದಿರೆಯ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದ, ಬ್ಯಾನರು, ಕರಪತ್ರ ಎಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಕೊಡುವುದು ನನ್ನ ಕೆಲಸ. ಅಮ್ಮ ಹೋದ ಮೇಲೆ ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಅಪ್ಪನಿಗೆ ಸಕ್ಕರೆ ಕಾಯಿಲೆ. ಅದು ಮೊದಲು ಕಾಲಿನ ಎರಡು ಬೆರಳು ತಿಂದಿತು, ಆಮೇಲೆ ಎರಡೂ ಕಣ್ಣು.

ಅವರಿಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಲು ಒಬ್ಬಳು ಬರುತ್ತಿದ್ದಳು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹತ್ತು ವರ್ಷ ದುಡಿದು ಊರಿಗೆ ಮರಳಿದವಳು. ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವುದು, ಗಾಯ ಕಟ್ಟುವುದು, ಹಾಸಿಗೆ ಹಿಡಿದವರ ಮೈ ಒರೆಸುವುದು ಅವಳ ಕೆಲಸ. ಅವಳ ಮನೆ ಕಾಲನಿಯಲ್ಲಿ. ನಮ್ಮ ಕಡೆ ಕಾಲನಿ ಎಂದರೆ ಸಾಕು, ಯಾವ ಜನ ಎಂದು ಮತ್ತೆ ಕೇಳುವ ಕ್ರಮವಿಲ್ಲ. ಅವಳ ತಾಯಿ ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದವರು. ಅವಳೂ ನಾನೂ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚು. ಆದರೆ ತುಳುವಿನಲ್ಲಿ ಅವಳು ನನಗೆ ‘ಈರ್’ ಎಂದು ಮರ್ಯಾದೆಯಲ್ಲಿ ಹೇಳುತ್ತಿದ್ದಳು, ನಾನು ಅವಳಿಗೆ ‘ಈ’ ಎಂದು ಏಕವಚನದಲ್ಲಿ. ಇದರಲ್ಲಿ ಏನಾದರೂ ಇದೆ ಎಂದು ನನಗೆ ನಲವತ್ತು ವರ್ಷ ಅನಿಸಿರಲಿಲ್ಲ. ಮಾತೆಲ್ಲ ತುಳುವಿನಲ್ಲೇ ಆದದ್ದು, ಇಲ್ಲಿ ಕನ್ನಡವಾಗಿದೆ.

ಕೊರೋನಾ ಬಂದಾಗ ನಂಟರೆಲ್ಲ ಫೋನಿಗೆ ಸೀಮಿತರಾದರು. ಅವಳೊಬ್ಬಳು ಮಾಸ್ಕ್ ಕಟ್ಟಿಕೊಂಡು ಒಂದು ದಿನವೂ ತಪ್ಪದೆ ಬಂದಳು. ಅಂಗಳದ ಮೂಲೆಯಲ್ಲಿ ಸ್ಕೂಟರು ನಿಂತ ಸದ್ದಾದರೆ ಅಪ್ಪ ಚಾವಡಿಯ ಕುರ್ಚಿಯಲ್ಲಿ ಅಂಗಿ ಎತ್ತಿ ಹೊಟ್ಟೆ ತೋರಿಸಿಕೊಂಡು ಕೂರುತ್ತಿದ್ದರು, ಮದುವೆಗೆ ಹೊರಟವರ ಹಾಗೆ ಸಂಭ್ರಮದಲ್ಲಿ. ಒಂದು ಕಾಲದಲ್ಲಿ ಅವಳ ತಾಯಿಯನ್ನು ಚಾವಡಿಯ ಮೆಟ್ಟಿಲು ಹತ್ತಲು ಬಿಡದ ಮನುಷ್ಯ ಅವರು. ಅದನ್ನು ನಾನು ಮರೆತಿರಲಿಲ್ಲ. ಹಾಗಾಗಿ ಅಪ್ಪನೆಂದರೆ ಹಳೆಯ ಕಾಲದ ಜಾತಿ, ನಾನೆಂದರೆ ಓದಿದವಳು ಎಂಬ ಲೆಕ್ಕಾಚಾರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಆ ಸಲ ನಮ್ಮ ವಾರ್ಡಿನ ಒಂದೇ ಸೀಟು ಸಾಮಾನ್ಯಕ್ಕೆ ಬಂತು. ಅದಕ್ಕೆ ಅವಳು ನಾಮಪತ್ರ ಹಾಕಿದಳು.

ಕಾರಣ ಒಂದೇ. ಕಾಲನಿಗೆ ಹೋಗುವ ದಾರಿಯಲ್ಲಿ ಆಂಬುಲೆನ್ಸ್ ಹೋಗುವುದಿಲ್ಲ. ಅವಳ ತಾಯಿಗೆ ಎದೆನೋವು ಬಂದ ದಿನ ನಾಲ್ಕು ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಡಾಂಬರು ರಸ್ತೆಯವರೆಗೆ ಹೊತ್ತು ತಂದಿದ್ದರು. ಅರ್ಧ ದಾರಿಯಲ್ಲೇ ಜೀವ ಹೋಗಿತ್ತು. ಐದು ವರ್ಷ ಅರ್ಜಿ ಕೊಟ್ಟು ಸಾಕಾಗಿ, ಅರ್ಜಿ ತೆಗೆದುಕೊಳ್ಳುವ ಜಾಗದಲ್ಲೇ ಕೂತುಬಿಡುವ ಎಂದು ಅವಳಿಗೆ ಅನಿಸಿದ್ದು.

ಎದುರು ನಿಂತದ್ದು ಬಾವ. ಅಪ್ಪನ ಅಕ್ಕನ ಮಗ. ನಮ್ಮಲ್ಲಿ ಕುಟುಂಬ ಹೆಣ್ಣಿನ ಕಡೆಯಿಂದ ಹೋಗುವುದರಿಂದ ಅಪ್ಪನ ಕುಟುಂಬಕ್ಕೆ ಸೇರಿದವನು ಈ ಬಾವ, ಮಗಳಾದ ನಾನಲ್ಲ. ಅವನ ಮನೆ ಇಳಿಜಾರಿನಲ್ಲಿ ನಮ್ಮ ಮನೆಯ ಕೆಳಗೇ. ಕೆಟ್ಟವನೇನೂ ಅಲ್ಲ. ನಗುನಗುತ್ತಾ ಮಾತಾಡುತ್ತಾನೆ, ಯಾರ ಮನೆಯ ಸಾವಿಗಾದರೂ ಮೊದಲು ತಲುಪುತ್ತಾನೆ. ಅವಳ ಬಗ್ಗೆ ಒಂದು ಕೆಟ್ಟ ಮಾತು ಆಡಿದವನಲ್ಲ.

ಊರಿನಲ್ಲಿ ಯಾರೂ ಆಡಲಿಲ್ಲ, ಅದೇ ವಿಚಿತ್ರ. ಬಸ್ಸಿನಲ್ಲಿ, ಡೈರಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ನಾನು ಕೇಳಿದ್ದೆಲ್ಲ ಹೊಗಳಿಕೆಯೇ. “ಪಾಪ, ಒಳ್ಳೆ ಹುಡುಗಿ, ಕೈ ಎಷ್ಟು ಹಗುರ ಗೊತ್ತುಂಟಾ, ಚುಚ್ಚಿದ್ದೇ ಗೊತ್ತಾಗುವುದಿಲ್ಲ.” ಅದರ ಬೆನ್ನಿಗೇ, “ಆದರೆ ಇದು ಬೇಡವಿತ್ತು ಅವಳಿಗೆ.” ಬಾವನೂ ನಮ್ಮ ಚಾವಡಿಯಲ್ಲಿ ಕೂತು ಅದನ್ನೇ ಹೇಳಿದ. “ರಿಸರ್ವ್ ಬಂದಾಗ ನಿಲ್ಲಲಿ ಮಾವ, ನಾನೇ ಮುಂದೆ ನಿಂತು ಗೆಲ್ಲಿಸ್ತೇನೆ. ಸಾಮಾನ್ಯದ ಸೀಟಿಗೆ ಯಾಕೆ ಬರಬೇಕು?” ಅಪ್ಪ ತಲೆ ಆಡಿಸಿದರು. ಅದು ಒಪ್ಪಿಗೆಯ ತಲೆಯಾಡಿಕೆ ಎಂದೇ ನಾನು ತಿಳಿದೆ.

ಇಬ್ಬರ ಕರಪತ್ರವೂ ನನ್ನ ಕೈಯಲ್ಲೇ ಆಯಿತು. ಬಾವನ ಹೆಸರಿನ ಕೊನೆಗಿದ್ದ ಜಾತಿಯ ಹೆಸರನ್ನು ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಹಾಕಿಸಿದರು. ಅವಳ ಹೆಸರಿನ ಮುಂದೆ ಹಾಗೆ ದಪ್ಪ ಮಾಡುವಂಥದ್ದು ಏನೂ ಇರಲಿಲ್ಲ. ಅವಳ ಕರಪತ್ರದ ಕೆಲಸಕ್ಕೆ ನಾನು ಕೂಲಿ ಹಿಡಿಯಲಿಲ್ಲ, ಕಾಗದದ ಖರ್ಚೂ ನಾನೇ ಹಾಕಿದೆ. ಹಾಗೆ ಮಾಡಿದ್ದಕ್ಕೆ ಒಳಗೊಳಗೇ ಬಹಳ ಖುಷಿಪಟ್ಟೆ. ಪರದೆಯ ಮೇಲೆ ತೋರಿಸಿದಾಗ ಅವಳು ಮೂಗಿನ ಹತ್ತಿರ ಬೆರಳಿಟ್ಟುಕೊಂಡು ನೋಡಿದಳು.

“ಇದು ಯಾರಕ್ಕ?”

“ನೀನೇ ಮಾರಾಯ್ತಿ.”

“ನಾನು ಇಷ್ಟು ಬಿಳಿ ಯಾವಾಗ ಆದೆ?”

ಪ್ರೆಸ್ಸಿಗೆ ಬರುವ ಎಲ್ಲ ಮುಖವನ್ನೂ ಎರಡು ಪಟ್ಟು ಬಿಳಿ ಮಾಡುವುದು ನಮ್ಮ ರೂಢಿ. ಮದುಮಗಳು, ಸತ್ತವರು, ಅಭ್ಯರ್ಥಿ, ಯಾರಾದರೂ ಸರಿ. ಕೇಳದೆಯೇ ಮಾಡುತ್ತೇವೆ, ಯಾರೂ ಬೇಡ ಎಂದದ್ದಿಲ್ಲ. ಅವಳ ಮುಖಕ್ಕೆ ಮಾತ್ರ ಎರಡು ಪಟ್ಟು ಸಾಲದೆ ನಾಲ್ಕು ಪಟ್ಟು ಮಾಡಿದ್ದೆ ಎನ್ನುವುದು ಆಗ ಗಮನಕ್ಕೆ ಬಂತು. “ಎಲ್ಲರಿಗೂ ಮಾಡ್ತೇವೆ, ಪ್ರಿಂಟಲ್ಲಿ ಕಪ್ಪು ಬರ್ತದೆ” ಎಂದೆ. ಅವಳು ನಗುತ್ತಲೇ, “ಬರಲಿ ಅಕ್ಕ. ದಿನಾ ನೋಡುವವರಿಗೆ ಗುರ್ತ ಸಿಗಬೇಕಲ್ಲ” ಎಂದಳು. ಮೊದಲಿನ ಹಾಗೆ ಮಾಡಿಕೊಟ್ಟೆ. ನನಗೆ ಸ್ವಲ್ಪ ಮುಖಭಂಗವಾಯಿತು. ಇಷ್ಟೆಲ್ಲ ಮಾಡಿದರೂ ಕೊಂಕು ತೆಗೆಯುತ್ತಾಳಲ್ಲ ಎಂದು ಬಸ್ಸಿನಲ್ಲಿ ಬರುವಾಗ ಅಂದುಕೊಂಡೆ ಕೂಡ.

ಮತದಾನದ ದಿನ ಶಾಲೆಯ ಜಗಲಿಯಲ್ಲಿ ಎಲ್ಲರೂ ಮಾಸ್ಕಿನೊಳಗೆ. ಕಣ್ಣು ಮಾತ್ರ ಕಾಣುವ ಸಾಲು. ಸಾಲಿನಲ್ಲಿ ಬಾವನ ಹೆಂಡತಿ, ಬಸದಿಯ ಪಕ್ಕದ ಮನೆಯ ವಿಧವೆ ಅಜ್ಜಿ, ಡೈರಿಯಲ್ಲಿ ಹಾಲು ಅಳೆಯುವಾತ, ನನಗೆ ಕನ್ನಡ ಕಲಿಸಿದ ನಿವೃತ್ತ ಮಾಸ್ತರು. ಎಲ್ಲ ನಮ್ಮವರೇ ಎನ್ನಬಹುದಾದವರು. ಕಾಲನಿಯವರು ಬೆಳಿಗ್ಗೆಯೇ ಗುಂಪಾಗಿ ಬಂದು ಹೋಗಿದ್ದರು.

ಮೊದಲು ನನ್ನ ಮತ. ಅವಳ ಗುರುತು ಹೊಲಿಗೆ ಮೆಷಿನ್, ಬಾವನದು ಆಟೋರಿಕ್ಷಾ. ನಾನು ಆಟೋರಿಕ್ಷಾಕ್ಕೆ ಸೀಲು ಒತ್ತಿದೆ. ಮೊದಲೇ ಒಂದು ಉತ್ತರ ತಯಾರಿತ್ತು ನನ್ನಲ್ಲಿ. ಅಪ್ಪನ ಅಳಿಯ, ಅಪ್ಪನ ಕುಟುಂಬ, ಅಪ್ಪನ ಮನೆಯಲ್ಲಿ ಕೂತು ಅಪ್ಪನ ಅನ್ನ ಉಣ್ಣುವವಳು ಅವರ ಮನಸ್ಸಿಗೆ ವಿರುದ್ಧ ಹೋಗುವುದು ಹೇಗೆ? ನಾನು ಒಬ್ಬಳೇ ಇದ್ದಿದ್ದರೆ ಅವಳಿಗೇ ಹಾಕುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ, ಮತ್ತು ಅದನ್ನು ನಂಬಿದೆ.

ಆಮೇಲೆ ಆ ಕಾಗದಕ್ಕೆ ಸಹಿ ಹಾಕಿ ಅಪ್ಪನನ್ನು ಕರೆದುಕೊಂಡು ರಟ್ಟಿನ ಮರೆಗೆ ಹೋದೆ. ಅಪ್ಪ ನನ್ನ ಕಿವಿಗೆ ಬಾಯಿ ಹಚ್ಚಿದರು. ಮಾಸ್ಕಿನೊಳಗಿನಿಂದ ಅವರ ಬಿಸಿಯುಸಿರು ಬಂತು.

“ಅವಳಿಗೆ ಹಾಕು.”

ನಾನು ತಿರುಗಿ ಅವರ ಮುಖ ನೋಡಿದೆ. “ಯಾರಿಗೆ?” ಎಂದು ಕೇಳಿದೆ, ಗೊತ್ತಿದ್ದೂ.

“ನಮ್ಮ ಇಂಜೆಕ್ಷನಿನವಳಿಗೆ. ಅಳಿಯನಿಗೆ ಹಾಕ್ಲಿಕ್ಕೆ ಊರೇ ಉಂಟು. ಅವಳ ತಾಯಿಯನ್ನು ನಾನು ಮೆಟ್ಟಿಲು ಹತ್ತಿಸಲಿಲ್ಲ. ಇದೊಂದಾದರೂ ಆಗಲಿ.”

ಆ ಕ್ಷಣವನ್ನು ಐದು ವರ್ಷದಿಂದ ತಿರುವಿ ಮುರುವಿ ನೋಡುತ್ತಿದ್ದೇನೆ. ಅಪ್ಪ ನನಗೆ ಬಾಗಿಲು ತೆರೆದುಕೊಟ್ಟಿದ್ದರು. ಇನ್ನು ಅವರ ಹೆಸರು ಹೇಳಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆದರೆ ಆ ಹೊತ್ತಿಗೆ ನನ್ನ ಕಣ್ಣೆದುರು ಬಂದದ್ದು ಪಂಚಾಯತ್ ಆಫೀಸು. ಮೇಜಿನ ಆಚೆ ಕುರ್ಚಿಯಲ್ಲಿ ಅವಳು. ಈಚೆ ಕಾಗದ ಹಿಡಿದುಕೊಂಡು ನಿಂತವಳು ನಾನು. ಅವಳು ತಲೆ ಎತ್ತದೆ, “ಇಲ್ಲಿಟ್ಟು ಹೋಗಿ, ನೋಡುವ” ಎನ್ನುತ್ತಾಳೆ. ಅಷ್ಟೇ. ಅವಳು ಅಂಥವಳಲ್ಲ ಎಂದು ಗೊತ್ತಿದ್ದರೂ ಆ ಚಿತ್ರ ಬಂತು, ಮೈಯೆಲ್ಲ ಉರಿಯಿತು. ಅವಳಿಗೆ ಕೊಡುವುದೆಂದರೆ ನನಗೆ ಇಷ್ಟ. ಪುಕ್ಕಟೆ ಕರಪತ್ರ, ಹಳೆಯ ಸೀರೆ, ದೀಪಾವಳಿಯ ಕಡುಬು. ಅವಳ ಹತ್ತಿರ ಕೇಳಿಕೊಂಡು ಹೋಗುವುದನ್ನು ನನ್ನ ಮೈ ಒಪ್ಪಲಿಲ್ಲ.

ನಾನು ಸೀಲು ಹಿಡಿದೆ. ಅಪ್ಪ ತಡಕಾಡಿ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು, ತಾವೇ ಒತ್ತಬೇಕೆಂಬ ಆಸೆ. ಅವರ ಅಂಗೈ ಬೆವೆತಿತ್ತು. ನಾನು ಆ ಕೈಯನ್ನು ಆಟೋರಿಕ್ಷಾದ ಮೇಲೆ ತಂದೆ. ಅಪ್ಪ ಬಲ ಹಾಕಿ ಒತ್ತಿದರು. “ಬಿತ್ತಾ?” ಎಂದರು. “ಬಿತ್ತು” ಎಂದೆ. ಕಾಗದ ಮಡಚಿ ಅವರ ಕೈಯಿಂದಲೇ ಡಬ್ಬಿಗೆ ಹಾಕಿಸಿದೆ. ಹೊರಗೆ ಬಂದಾಗ ಅವರು ಜಗಲಿಯ ಕಂಬ ಹಿಡಿದುಕೊಂಡು ಒಂದು ನಿಮಿಷ ನಿಂತರು. ಕಾಣದ ಕಣ್ಣಿನಲ್ಲಿ ನೀರಿತ್ತು.

ಎಣಿಕೆ ಬೆಳ್ತಂಗಡಿಯಲ್ಲಿ ನಡೆಯಿತು. ಬಾವ ಗೆದ್ದ. ದೊಡ್ಡ ಅಂತರದಲ್ಲೇ ಗೆದ್ದ, ನಮ್ಮ ಮನೆಯ ಎರಡು ಮತದಿಂದ ಏನೂ ಬದಲಾಗುತ್ತಿರಲಿಲ್ಲ. ಆ ಸಮಾಧಾನವನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೋ.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಸ್ಕೂಟರು ಬಂತು. ನಾನು ಒಳಗಿನ ಬಾಗಿಲಲ್ಲಿ ನಿಂತೆ. ಅವಳು ಸಿರಿಂಜಿಗೆ ಔಷಧಿ ಎಳೆಯುತ್ತಾ, “ಸೋತೆ ಅಜ್ಜ” ಎಂದಳು. ಧ್ವನಿಯಲ್ಲಿ ಅಳು ಇರಲಿಲ್ಲ. “ಆದರೆ ಒಂದು ಉಂಟು. ನಮ್ಮ ಕಾಲನಿಯಿಂದ ಬೂತಿಗೆ ಹೋದವರನ್ನು ಒಬ್ಬೊಬ್ಬರನ್ನಾಗಿ ನಾವು ಗುರ್ತ ಹಾಕಿಕೊಂಡಿದ್ದೆವು. ಆ ಲೆಕ್ಕಕ್ಕಿಂತ ಒಂದು ಓಟು ಹೆಚ್ಚು ಬಿದ್ದಿದೆ. ಒಂದೇ ಒಂದು. ನಿಮ್ಮವರ ಕಡೆಯಿಂದ ಯಾರೋ ಹಾಕಿದ್ದಾರೆ.”

ಅಪ್ಪ ಅಂಗಿ ಎತ್ತಿಕೊಂಡೇ ನಗಲು ಶುರುಮಾಡಿದರು. “ಅದು ನನ್ನದು. ಇವಳೇ ಸಾಕ್ಷಿ, ಕೇಳು.”

ಅವಳು ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆ ಆಡಿಸಿದೆ. ಅವಳು ಸಿರಿಂಜನ್ನು ತಟ್ಟೆಯಲ್ಲಿಟ್ಟು ಅಪ್ಪನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ನಾನು ಕಾಫಿಯ ನೆಪ ಮಾಡಿ ಒಳಗೆ ಹೋದೆ. ಒಲೆಯ ಮೇಲೆ ನೀರಿಟ್ಟೆ. ಆ ಹೆಚ್ಚಿನ ಮತ ಅಪ್ಪನದಲ್ಲ, ನನ್ನದೂ ಅಲ್ಲ. ಹಾಗಾದರೆ ಯಾರದು?

ಅಪ್ಪ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಸುಮ್ಮನಿರಲಿಲ್ಲ. ಬಂದವರಿಗೆಲ್ಲ ಹೇಳಿದರು, ಹೆಮ್ಮೆಯಿಂದ ಹೇಳಿದರು. “ಅಳಿಯನಿಗೆ ಹಾಕಲಿಲ್ಲ ನಾನು, ಆ ಹುಡುಗಿಗೆ ಹಾಕಿದೆ.” ಬಾವ ಕೇಳಿ ನಕ್ಕ. “ಮಾವನಿಗೆ ವಯಸ್ಸಾಯ್ತು” ಎಂದ. ಆದರೆ ಅವನು ಬರುವುದು ಕಡಿಮೆಯಾಯಿತು. ನಂಟರ ಮನೆಯ ಮದುವೆ ಕಾಗದಗಳು ಅಂಚೆಯಲ್ಲಿ ಬರತೊಡಗಿದವು. ಮೊದಲೆಲ್ಲ ಮನೆಗೆ ಬಂದು ಕೈಗೆ ಕೊಟ್ಟು ಕರೆಯುತ್ತಿದ್ದರು.

ಮಾರ್ಚಿನಲ್ಲಿ ಬಂಟ್ವಾಳದ ಹತ್ತಿರ ಅಪ್ಪನ ಕುಟುಂಬದ ಮನೆಯಲ್ಲಿ ದೈವಕ್ಕೆ ತಂಬಿಲವಿತ್ತು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಕೊಡುವ ಸೇವೆ. ಪೂಜೆ ಮುಗಿದು ಗಂಧ ಪ್ರಸಾದ ಹಂಚುವಾಗ ಮೊದಲ ಗಂಧ ಕುಟುಂಬದ ಹಿರಿಯನ ಕೈಗೆ. ಅಪ್ಪನ ಸೋದರಮಾವ ಹೋದ ಮೇಲೆ ಹದಿನೈದು ವರ್ಷದಿಂದ ಅದು ಅಪ್ಪನ ಕೈಗೆ ಬರುತ್ತಿತ್ತು. ಕಣ್ಣು ಹೋದ ಮೇಲೂ ತಪ್ಪಿರಲಿಲ್ಲ. ಆ ದಿನವೂ ಅಪ್ಪ ಮುಂದೆ ನಿಂತು ಎರಡು ಅಂಗೈ ಜೋಡಿಸಿ ಚಾಚಿದರು. ನಾನು ಪಕ್ಕದಲ್ಲಿ ಅವರ ತೋಳು ಹಿಡಿದುಕೊಂಡಿದ್ದೆ.

ಗಂಧದ ಎಲೆ ಅವರ ಕೈಯನ್ನು ದಾಟಿ ಬಾವನಿಗೆ ಹೋಯಿತು. ಆಮೇಲೆ ಬಾವನ ತಮ್ಮನಿಗೆ. ಆಮೇಲೆ ಇನ್ನೊಬ್ಬನಿಗೆ. ಅಪ್ಪನಿಗೆ ಕಾಣುವುದಿಲ್ಲವಲ್ಲ, ಅವರು ಕಾಯುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಸುತ್ತಲಿನ ಮೌನದಿಂದಲೇ ಅವರಿಗೆ ಅರ್ಥವಾಗಿರಬೇಕು. ಕೈ ಇಳಿಸಲಿಲ್ಲ. ಚಾಚಿಕೊಂಡೇ ಇದ್ದರು. ಕೊನೆಗೆ ಹುಡುಗರ ಸಾಲಿಗೆ ಹಂಚುವಾಗ ಒಂದು ಚಿಟಿಕೆ ಅವರ ಅಂಗೈಗೆ ಬಿತ್ತು. ಅದನ್ನು ಹಣೆಗೆ ಹಚ್ಚಿಕೊಳ್ಳುವಾಗ ಅವರ ಬೆರಳು ಹಣೆಯನ್ನು ಹುಡುಕಿತು.

ಬಾಯಿ ತೆರೆದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಅಪ್ಪನ ಮತ ಬಿದ್ದದ್ದು ಬಾವನಿಗೇ ಎಂದಿದ್ದರೆ ಅಲ್ಲೇ ಗಂಧ ಮರಳಿ ಬರುತ್ತಿತ್ತು. ಹೇಳಿದರೆ ಅಪ್ಪನ ಮರ್ಯಾದೆ ಉಳಿಯುತ್ತದೆ, ಅಪ್ಪ ಉಳಿಯುವುದಿಲ್ಲ ಎನಿಸಿತು. ಅದು ಒಂದು ನೆಪ. ನಿಜವೆಂದರೆ ನನಗೆ ಹೆದರಿಕೆ. ಆ ಹೆದರಿಕೆ ಬಾವನದಲ್ಲ, ಅಪ್ಪನದು.

ವಾಪಸು ಬರುವಾಗ ಕಾರಿನಲ್ಲಿ ಅಪ್ಪ ಹಣೆಯ ಗಂಧವನ್ನು ಮುಟ್ಟಿ ನೋಡಿಕೊಂಡರು. ಆಮೇಲೆ, “ಒಂದು ಓಟಿಗೆ ಇಷ್ಟುಂಟಾ!” ಎಂದು ಆಶ್ಚರ್ಯದಿಂದ ಹೇಳಿದರು. “ಇರಲಿ. ಅವಳ ತಾಯಿ ನಮ್ಮ ಅಂಗಳದಲ್ಲಿ ಹೀಗೆಯೇ ಕೈ ಚಾಚಿ ನಿಲ್ಲುತ್ತಿದ್ದಳು, ಊಟ ಹಾಕುವವರೆಗೆ. ಎಷ್ಟು ಹೊತ್ತಾಗುತ್ತಿತ್ತು ಅಂತ ನನಗೆ ಇವತ್ತು ಗೊತ್ತಾಯ್ತು.” ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಮುಂದಿನ ಎರಡು ವರ್ಷ ಅವರು ತಂಬಿಲಕ್ಕೆ ಹೋಗಲಿಲ್ಲ. ಬೆಳಿಗ್ಗೆ ಅವಳು ಬರುವುದು, ಅಪ್ಪ ಹೊಟ್ಟೆ ತೋರಿಸುವುದು, ಇಬ್ಬರೂ ಪಂಚಾಯತ್ ಸುದ್ದಿ ಮಾತಾಡುವುದು ನಡೆದೇ ಇತ್ತು. ಕಾಂಕ್ರೀಟ್ ರಸ್ತೆ ಬಾವನ ಗೇಟಿನವರೆಗೆ ಬಂದು ನಿಂತಿತು. ಅದರ ಮುಂದೆ ಕಾಲನಿಯ ದಾರಿ ಮೊದಲಿನ ಹಾಗೆಯೇ. ಅಪ್ಪ ಕೊನೆಯ ವಾರದಲ್ಲಿ ಹಾಸಿಗೆಯಿಂದಲೇ ಅವಳಿಗೆ ಹೇಳಿದರು, “ಇನ್ನೊಂದು ಸಲ ನಿಲ್ಲು. ನಾನಿದ್ದರೆ ಹಾಕ್ತೇನೆ. ಇಲ್ಲದಿದ್ದರೆ ಇವಳುಂಟಲ್ಲ.” ಒಂದು ಬೆಳಿಗ್ಗೆ ಅವಳು ನಾಡಿ ಹಿಡಿದು ನೋಡಿ, ಅವರ ಅಂಗಿಯನ್ನು ಮೆಲ್ಲಗೆ ಕೆಳಗೆ ಎಳೆದು ಸರಿಮಾಡಿದಳು. ಹಾಗೆ ನನಗೆ ಗೊತ್ತಾಯಿತು.

ಈಗ ಮತ್ತೆ ಪಂಚಾಯತ್ ಚುನಾವಣೆ ಬರುತ್ತದೆ ಎಂಬ ಮಾತು. ಕಳೆದ ವಾರ ಅವಳು ಮನೆಗೆ ಬಂದಳು. ಅಪ್ಪನಿಲ್ಲದ ಮನೆಗೆ ಅವಳಿಗೆ ಬೇರೆ ಕೆಲಸವಿಲ್ಲ, ನನ್ನನ್ನೇ ನೋಡಲು ಬಂದದ್ದು. ಚಾವಡಿಯಲ್ಲಿ ಅಪ್ಪನ ಕುರ್ಚಿಯ ಎದುರು ಕೂತಳು.

“ಮತ್ತೆ ನಿಲ್ತೇನೆ ಅಕ್ಕ. ಮನೆಯಲ್ಲಿ ಬೇಡ ಹೇಳ್ತಾರೆ. ಸೋಲ್ಲಿಕ್ಕೆ ಯಾಕೆ ನಿಲ್ಲುವುದು ಅಂತ. ನಾನು ಹೇಳಿದೆ, ನಿಮ್ಮವರಿಂದ ಒಂದು ಬಂದಿದೆಯಲ್ಲ. ಅಜ್ಜನಿಗೆ ಮನಸ್ಸಾಯ್ತು ಅಂತಾದರೆ ಇನ್ನೊಬ್ಬರಿಗೂ ಆಗ್ತದೆ. ಆ ಒಂದು ಓಟು ಇಲ್ಲದಿದ್ದರೆ ನಾನು ಆವತ್ತೇ ಬಿಟ್ಟುಬಿಡ್ತಿದ್ದೆ.”

ನಾನು ಏನಾದರೂ ಹೇಳಲೇಬೇಕಿತ್ತು. “ಒಳ್ಳೆದಾಯ್ತು, ನಿಲ್ಲು” ಎಂದೆ. ಅವಳು ಕೇಳಬಹುದಿತ್ತು, ನಿಮ್ಮದು ಯಾರಿಗೆ ಎಂದು. ಕೇಳಲಿಲ್ಲ. ನಾನೂ ಅಂದು ಅವಳಿಗೇ ಹಾಕಿದ್ದರೆ ಹೆಚ್ಚಿನ ಮತ ಎರಡಾಗಬೇಕಿತ್ತು. ಲೆಕ್ಕ ಬಲ್ಲವಳು ಅವಳು. ಐದು ವರ್ಷದಿಂದ ಅವಳಿಗೆ ನನ್ನ ಮತದ ವಿಷಯ ಗೊತ್ತಿದೆ ಎಂಬುದು ಅವಳ ಮುಖ ನೋಡುವಾಗ ನನಗೆ ಮೊದಲ ಬಾರಿಗೆ ಹೊಳೆಯಿತು. ಗೊತ್ತಿದ್ದೂ ದಿನಾ ಬಂದಿದ್ದಾಳೆ, ದಿನಾ ನಾನು ಕೊಟ್ಟ ಕಾಫಿ ಕುಡಿದಿದ್ದಾಳೆ.

ಅವಳು ಹೋದ ಮೇಲೆ ಅಂಗಳದಲ್ಲಿ ನಿಂತು ಕೆಳಗೆ ನೋಡಿದೆ. ಬಾವನ ಹೆಂಡತಿ ಬಟ್ಟೆ ಒಣಗಿಸುತ್ತಿದ್ದಳು. ಅವಳಿರಬಹುದೇ? ಗಂಡನ ಗುರುತಿಗೆ ಸೀಲು ಒತ್ತುವಾಗ ಅವಳ ಕೈ ಪಕ್ಕಕ್ಕೆ ಸರಿದಿರಬಹುದೇ? ಅಥವಾ ಬಸದಿಯ ಪಕ್ಕದ ಅಜ್ಜಿಯೇ, ಮಾಸ್ತರೇ, ಹಾಲು ಅಳೆಯುವಾತನೇ? ಮದುವೆಗೆ ಹೋದರೂ ಸತ್ತವರ ಬೊಜ್ಜಕ್ಕೆ ಹೋದರೂ ನಾನು ಜನರ ಕೈಗಳನ್ನೇ ನೋಡುತ್ತೇನೆ. ಯಾರೂ ಹೇಳಿಕೊಳ್ಳುವುದಿಲ್ಲ, ಹೇಳಿಕೊಂಡವರಿಗೆ ಏನಾಯಿತೆಂದು ಎಲ್ಲರೂ ನೋಡಿದ್ದಾರೆ. ಆ ಓಟು ಹಾಕಿದವರು ಮಾಡಿದ್ದಕ್ಕೆ ಗಂಧ ತಪ್ಪಿದ್ದು ನನ್ನ ಅಪ್ಪನಿಗೆ. ಸತ್ತ ಮೇಲೂ ಅವಳು ಕೈ ಮುಗಿಯುವುದು ನನ್ನ ಅಪ್ಪನಿಗೆ. ಆ ಒಬ್ಬರು ನಮ್ಮೊಳಗೇ ಎಲ್ಲೋ ಇದ್ದಾರೆ, ನನ್ನ ಜೊತೆ ಅದೇ ಬಸ್ಸಿಗೆ ಕಾಯುತ್ತಾರೆ, ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಯಾರೆಂದು ನನಗೆ ಗೊತ್ತಿಲ್ಲ. ಅವಳ ಪಕ್ಕದಲ್ಲಿ ಏಳು ವರ್ಷ ಕೂತ ನಾನಲ್ಲ ಎಂದು ಮಾತ್ರ ಗೊತ್ತು.